ನಿಮಗಿದು ಗೊತ್ತೆ? ವೇಗ ತಗ್ಗಿಸಿದರೂ ಕಂಪ್ಯೂಟರ್ ಸರಿಹೋದೀತು!

ಪದೇ ಪದೇ ನೀಲಿ ಪರದೆ ತೋರಿಸಿ ನಿಂತುಹೋಗುವ ಕಂಪ್ಯೂಟರ್‌ಗೆ ಎಷ್ಟೋ ಸಲ ಹೊಸ ಬಿಡಿಭಾಗ ಬೇಕಿಲ್ಲ. ರ‍್ಯಾಮ್‌ನ ವೇಗವನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು!

ಡಿಡಿಆರ್4 ರ‍್ಯಾಮ್‌ನ ಪೊಟ್ಟಣದ ಮೇಲೆ 3600 ಎಂದಿರಬಹುದು. ಆದರೆ ಹಾಕಿದ ಕೂಡಲೇ ಅದು ಸಾಮಾನ್ಯವಾಗಿ ಓಡುವುದು 2133 ಅಥವಾ 2666ರಲ್ಲಿ. ಬರೆದಷ್ಟು ವೇಗ ಬೇಕೆಂದರೆ ಕಂಪ್ಯೂಟರ್‌ನ ಬಯೋಸ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆ ಆನ್ ಮಾಡಬೇಕು. ಆ ವೇಗಕ್ಕೆ ನಿಮ್ಮ ಪ್ರೊಸೆಸರ್, ಮದರ್‌ಬೋರ್ಡ್ ಒಗ್ಗಲೇಬೇಕೆಂದಿಲ್ಲ. ನಾಲ್ಕೂ ಸ್ಲಾಟ್ ತುಂಬಿದ್ದರಂತೂ ಕಷ್ಟ ಇನ್ನೂ ಹೆಚ್ಚು.

ಏಕೆಂದರೆ 3200ರ ವೇಗದಲ್ಲೇ ಒಂದೊಂದು ಗೆರೆಯಲ್ಲೂ ಸೆಕೆಂಡಿಗೆ 320 ಕೋಟಿ ಬಿಟ್ ಹರಿಯುತ್ತವೆ. ಒಂದು ಬಿಟ್‌ಗೆ ಸಿಗುವ ಸಮಯದಲ್ಲಿ ಬೆಳಕೂ 10 ಸೆಂ.ಮೀ. ದಾಟಲಾರದು! ಅದಕ್ಕೇ ಮದರ್‌ಬೋರ್ಡ್‌ನಲ್ಲಿ ರ‍್ಯಾಮ್‌ನತ್ತ ಹೋಗುವ ತಾಮ್ರದ ಗೆರೆಗಳನ್ನು ಬೇಕೆಂದೇ ಹಾವಿನಂತೆ ಬಳುಕಿಸಿ, ಉದ್ದ ಸಮ ಮಾಡಿರುತ್ತಾರೆ. ತಾಮ್ರದ ಗೆರೆಗಳ ಇಂಥ ಫಲಕಕ್ಕೆ ಪಿಸಿಬಿ ಎನ್ನುತ್ತಾರೆ. ಪಿಸಿಬಿ ತಯಾರಿಸುವ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆ ನಮ್ಮ ನಂಜನಗೂಡಿನಲ್ಲೇ ಇದೆ.

ಕಂಪ್ಯೂಟರ್ ನಿಂತುಹೋಗುವುದಕ್ಕಿಂತ ದೊಡ್ಡ ಅಪಾಯ ಬೇರೆ. ತಪ್ಪಾಗಿ ಓದಿದ ಒಂದೇ ಒಂದು ಬಿಟ್ ಸದ್ದಿಲ್ಲದೆ ಫೈಲ್‌ಗೆ ಸೇರಿ ಫೋಟೊ, ಲೆಕ್ಕಪತ್ರ ಕೆಡಬಹುದು. ನಂಜನಗೂಡು, ತಿ.ನರಸೀಪುರದ ಡಿಟಿಪಿ ಅಂಗಡಿಯವರು, ಸ್ಟುಡಿಯೊದವರು ಇದನ್ನು ಗಮನಿಸಲೇಬೇಕು.

ಮೊದಲು ಎಕ್ಸ್‌ಎಂಪಿ ಆಫ್ ಮಾಡಿ, ಇಲ್ಲವೇ 3600ನ್ನು 3200ಕ್ಕೆ ಇಳಿಸಿ. ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ ನೋಡಿ. ಆಗಲೂ ದೋಷ ಕಂಡರೆ ಒಂದೊಂದೇ ರ‍್ಯಾಮ್ ಹಾಕಿ ಪರೀಕ್ಷಿಸಿ, ಕೆಟ್ಟಿದ್ದನ್ನಷ್ಟೇ ಬದಲಿಸಿ.