ಮರಿಹಾವಿನ ಉಪವಾಸ

ಮನೆಗೆ ಬಂದ ಅತಿಥಿಯು ಊಟವೊಲ್ಲೆನೆಂದರೆ ಗೃಹಸ್ಥನಿಗೆ ನಿದ್ರೆ ಬಾರದು. ಅಡಿಗೆಯಲ್ಲಿ ಏನು ದೋಷವಾಯಿತೋ, ಉಪಚಾರದಲ್ಲಿ ಏನು ಕೊರತೆಯಾಯಿತೋ ಎಂದು ಮನೆಮಂದಿಯೆಲ್ಲ ಚಿಂತಿಸುವುದೂ, ಬೇಡವೆಂದರೂ ಬಲವಂತದಿಂದ ಬಡಿಸುವುದೂ ನಮ್ಮಲ್ಲಿ ಬಹುಕಾಲದಿಂದ ಬಂದ ಮರ್ಯಾದೆ. ಇದೇ ಮರ್ಯಾದೆಯನ್ನು ಹಾವಿನ ಮರಿಯೊಂದಕ್ಕೆ ತೋರಿಸಿದರೆ ಅದು ಸತ್ತೇಹೋಗಬಹುದು. ಹೊಸ ಮನೆಗೆ ಬಂದ ಮರಿಹಾವು ಆಹಾರವನ್ನು ಏಕೆ ಮುಟ್ಟುವುದಿಲ್ಲ, ಅದು ನೆಲೆಗೊಂಡು ಉಣ್ಣುವಂತೆ ಮಾಡುವ ಬಗೆಯೇನು ಎಂಬುದನ್ನು ಇಂದು ಶ್ರೋತೃಗಳ ಮುಂದೆ ವಿವರಿಸಬೇಕೆಂದಿದ್ದೇವೆ.

ಹಾವನ್ನು ಸಾಕುವುದೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಾವಾಡಿಗನ ಬುಟ್ಟಿ. ನಮ್ಮ ವಿಷಯ ಅದಲ್ಲ. ಅಮೆರಿಕ, ಇಂಗ್ಲೆಂಡು, ಜರ್ಮನಿ ಮೊದಲಾದ ದೇಶಗಳಲ್ಲಿ ನಾಯಿ ಬೆಕ್ಕುಗಳನ್ನು ಸಾಕುವಂತೆಯೇ ವಿಷವಿಲ್ಲದ ಹಾವುಗಳನ್ನು ಸಾಕುವ ಹವ್ಯಾಸವು ಬಹಳವಾಗಿ ಹರಡಿದೆ. ಹಾಗೆ ಸಾಕುವ ಹಾವುಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು, ಪಶ್ಚಿಮ ಆಫ್ರಿಕದ ಒಂದು ಸಣ್ಣ ಜಾತಿಯ ಹೆಬ್ಬಾವು. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿಕೊಂಡು ಮೈಯನ್ನೆಲ್ಲ ಉಂಡೆಯಾಗಿ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಇದನ್ನು ‘ಬಾಲ್ ಪೈಥಾನ್’ ಎಂದು ಕರೆಯುತ್ತಾರೆ. ಇಂಗ್ಲೆಂಡಿನವರಿಗೆ ಇದೇ ‘ರಾಯಲ್ ಪೈಥಾನ್’. ನಾವು ಉಂಡೆ ಹೆಬ್ಬಾವು ಎನ್ನೋಣ. ೧೮೦೨ರಲ್ಲಿ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ಇದನ್ನು ಶಾಸ್ತ್ರರೀತಿಯಿಂದ ವರ್ಣಿಸಿದನು. ಪೂರ್ಣವಾಗಿ ಬೆಳೆದರೂ ಸಾಧಾರಣವಾಗಿ ಮೂರರಿಂದ ಐದು ಅಡಿಯೊಳಗೇ ಉಳಿಯುವ, ಕಚ್ಚುವುದಕ್ಕಿಂತ ಮುದುಡಿಕೊಳ್ಳುವುದನ್ನೇ ಮೇಲೆಂದು ಎಣಿಸುವ ಸಾಧುಪ್ರಾಣಿ. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಈ ಹಾವುಗಳಿಗೆಂದೇ ಒಂದು ದೇವಾಲಯವುಂಟು. ಅಲ್ಲಿನ ಭಕ್ತರು ಇವನ್ನು ಕೊಲ್ಲರು. ನಾಗಬನಗಳ ನಾಡಿನವರಾದ ನಮಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಪ್ರಕಾರ ದಂಡನೀಯವಾದ ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಪರದೇಶದ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸತಕ್ಕದ್ದೆಂದು ಅದೇ ಶಾಸನದ ೨೦೨೨ರ ತಿದ್ದುಪಡಿಯು ವಿಧಿಸಿದೆ. ಉಂಡೆ ಹೆಬ್ಬಾವೂ ಆ ಪಟ್ಟಿಯಲ್ಲಿದೆ. ಇದು ದೂರದ ಮಾತೆಂದು ತಿಳಿಯಬೇಡಿರಿ. ೨೦೨೩ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪೆಟ್ಟಿಗೆಗಳಲ್ಲಿ ಸುಂಕದ ಅಧಿಕಾರಿಗಳಿಗೆ ಒಟ್ಟು ೭೮ ಪ್ರಾಣಿಗಳು ಸಿಕ್ಕಿದುವು. ಅವುಗಳಲ್ಲಿ ೫೫ ಈ ಜಾತಿಯ ಹೆಬ್ಬಾವುಗಳೇ. ಜೊತೆಗಿದ್ದ ಆರು ಕೋತಿಗಳು ಉಸಿರು ಬಿಟ್ಟಿದ್ದುವು. ಹೀಗೆ ಪೆಟ್ಟಿಗೆಯಲ್ಲಿ ತುರುಕಿ ತಂದ ಪ್ರಾಣಿಯು ಬಂದ ಮರುದಿನವೇ ಉಣ್ಣಲೊಲ್ಲದೆಂದು ಕೊಂಡವನು ದೂರುವುದು ನ್ಯಾಯವಲ್ಲ. ಆದಕಾರಣ ಮುಂದೆ ನಾವು ಹೇಳುವುದೆಲ್ಲ ಸಾಕಣೆಯಲ್ಲಿಯೇ ಮೊಟ್ಟೆಯೊಡೆದು ಹುಟ್ಟಿ, ನ್ಯಾಯವಾದ ಮಾರ್ಗದಿಂದ ಮನೆ ಸೇರಿದ ಮರಿಗೆ ಸಂಬಂಧಪಟ್ಟುದು.

ಹಾವು ಉಣ್ಣುವ ಕ್ರಮವನ್ನು ಸ್ವಲ್ಪ ಯೋಚಿಸಿ ನೋಡೋಣ. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಅಗಿಯುವ ಹಲ್ಲಿಲ್ಲ. ಇಲಿಯನ್ನು ಇಡಿಯಾಗಿಯೇ ನುಂಗಬೇಕು. ನುಂಗುತ್ತಿರುವಷ್ಟು ಹೊತ್ತು ಅದರ ಏಕಮಾತ್ರ ಆಯುಧವಾದ ಬಾಯಿಯು ಕಟ್ಟಿಹೋಗಿರುತ್ತದೆ. ನುಂಗಿದ ಮೇಲೆ ಹೊಟ್ಟೆಯು ಭಾರವಾಗಿ ಓಡುವ ಶಕ್ತಿಯೂ ಕುಗ್ಗುತ್ತದೆ. ಮುಂಗುಸಿಯೋ ಹದ್ದೋ ಹತ್ತಿರವಿದ್ದಾಗ ಉಣ್ಣಲು ತೊಡಗಿದ ಹಾವು ಉಳಿಯುವಂತಿಲ್ಲ. ಹೊಟ್ಟೆ ತುಂಬಿದ್ದಾಗ ಬೆದರಿಸಿದರೆ ಉಂಡದ್ದನ್ನೆಲ್ಲ ಕಾರಿ ಹಗುರಾಗಿ ಓಡುವುದೂ ಇದೇ ಕಾರಣದಿಂದ. ಆದುದರಿಂದ ತಾನು ಕ್ಷೇಮವಾಗಿದ್ದೇನೆಂದು ಅದಕ್ಕೆ ಅನ್ನಿಸುವವರೆಗೆ ಹಸಿವು ತಲೆಯೆತ್ತುವುದಿಲ್ಲ. ಇನ್ನೊಂದು: ಹಾವಿನ ಮೈಗೆ ಸ್ವಂತದ ಕಾವಿಲ್ಲ, ಹೊರಗಿನ ಬೆಚ್ಚಗಿನಿಂದಲೇ ಅದರ ಜಠರ ಕೆಲಸ ಮಾಡಬೇಕು. ತಂಪಿನಲ್ಲಿ ನುಂಗಿದ ಇಲಿಯು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಕೊಳೆಯಬಹುದು. ಮರಿಯ ಉಪವಾಸವನ್ನು ಹಟವೆಂದಾಗಲಿ ರೋಗವೆಂದಾಗಲಿ ಕೂಡಲೆ ತೀರ್ಮಾನಿಸಬಾರದು. ಬಹುಪಾಲು ಅದು ವಿವೇಕ. ಹಾಗಾದರೆ ಸಾಕುವವನ ಕೆಲಸ ಉಣ್ಣಿಸುವುದಲ್ಲ, ಉಣ್ಣಬಹುದೆಂಬ ಧೈರ್ಯವನ್ನು ಅದಕ್ಕೆ ತಂದುಕೊಡುವುದು.

ಆ ಧೈರ್ಯವು ಎಲ್ಲಿಂದ ಬರುತ್ತದೆಂಬುದನ್ನು ಅದರ ಹುಟ್ಟೂರೇ ಹೇಳುತ್ತದೆ. ಘಾನ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲುಗಳಲ್ಲಿಯೂ ಹೊಲಗದ್ದೆಗಳಲ್ಲಿಯೂ ಈ ಹಾವು ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಮೈಯೊತ್ತಿಕೊಂಡು ಮಲಗಿದ್ದು, ಕತ್ತಲಾದ ಮೇಲೆ ಹೊರಡುತ್ತದೆ. ಮೈಯ ಎರಡು ಪಕ್ಕಕ್ಕೂ ಗೋಡೆ ತಾಗಿದರೆ ಅದಕ್ಕೆ ನೆಮ್ಮದಿ. ಹೊಸಬರು ಪ್ರೀತಿಯಿಂದ ದೊಡ್ಡ ಗಾಜಿನ ಪೆಟ್ಟಿಗೆಯೊಂದನ್ನು ತಂದು, ಒಳಗೆ ಒಂದು ಕೊಂಬೆಯನ್ನಿಟ್ಟು, ದೀಪ ಹಚ್ಚಿ, ನಾಲ್ಕು ಕಡೆಯಿಂದಲೂ ನೋಡುವಂತೆ ನಡುಮನೆಯಲ್ಲಿಡುತ್ತಾರೆ. ನಮ್ಮ ಕಣ್ಣಿಗೆ ಅದು ಅರಮನೆ, ಮರಿಗೆ ಬಟ್ಟಬಯಲು. ಅರಮನೆಯು ಬೇಡವೆಂದಲ್ಲ, ಮೂರು ಪಕ್ಕಗಳನ್ನು ಕಾಗದದಿಂದ ಮರೆಮಾಡಿ, ಒಳಗೆ ಎಲೆ, ತೊಗಟೆ, ಕೃತಕವಾದ ಬಳ್ಳಿಗಳನ್ನು ಒತ್ತಾಗಿ ತುಂಬಿದರೆ ದೊಡ್ಡ ಪೆಟ್ಟಿಗೆಯೂ ಬಿಲದಂತಾಗುತ್ತದೆ. ಮುಖ್ಯವಾಗಿ ಅಡಗುವುದಕ್ಕೆ ಎರಡು ಗೂಡುಗಳಿರಬೇಕು. ಒಂದು ಬೆಚ್ಚಗಿನ ಕೊನೆಯಲ್ಲಿ, ಒಂದು ತಂಪಿನ ಕೊನೆಯಲ್ಲಿ. ಒಂದೇ ಇದ್ದರೆ, ಕಾವು ಬೇಕೋ ಮರೆ ಬೇಕೋ ಎಂದು ಮರಿಯು ಆರಿಸಿಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ಅದು ಮರೆಯನ್ನು ಆರಿಸಿಕೊಂಡು ಕಾವನ್ನು ಬಿಡುತ್ತದೆ. ಗೂಡು ಸುತ್ತಿಕೊಂಡ ಮೈಗೆ ತಕ್ಕಷ್ಟೇ ಇಕ್ಕಟ್ಟಾಗಿರಲಿ. ಬಾಗಿಲೂ ಒಂದೇ ಸಾಕು.

ಕಾವಿನ ಲೆಕ್ಕ ಹೀಗೆ: ಬೆಚ್ಚಗಿನ ಕೊನೆಯಲ್ಲಿ ೩೧ರಿಂದ ೩೩ ಡಿಗ್ರಿ ಸೆಂಟಿಗ್ರೇಡ್, ತಂಪಿನ ಕೊನೆಯಲ್ಲಿ ೨೫ರಿಂದ ೨೭. ಕೈಯಿಟ್ಟು ನೋಡಿ ಬೆಚ್ಚಗಿದೆಯೆನ್ನುವುದು ಸಾಲದು. ಶಾಖವನ್ನು ತಾನೇ ತಡೆದು ನಿಲ್ಲಿಸುವ ಥರ್ಮೋಸ್ಟಾಟ್ ಎಂಬ ಯಂತ್ರವಿಲ್ಲದೆ ಕಾಯಿಸುವ ಹಾಸನ್ನು ಉಪಯೋಗಿಸಿದರೆ ಮರಿಯ ಹೊಟ್ಟೆ ಸುಟ್ಟುಹೋಗುವುದುಂಟು. ಗಾಳಿಯಲ್ಲಿ ತೇವವು ನೂರಕ್ಕೆ ಅರವತ್ತರ ಮೇಲಿರಲಿ. ಕುಡಿಯುವ ನೀರು ಸದಾ ಇರಬೇಕೆಂದು ಬೇರೆ ಹೇಳಬೇಕಾದುದಿಲ್ಲ. ಹಾಲಿನ ಮಾತು ಬೇಡ. ಹಾಲು ಹಾವಿನ ಆಹಾರವಲ್ಲ. ಬಾಯಾರಿ ಬೆಂಡಾದ ಹಾವು ಮುಂದಿಟ್ಟ ದ್ರವವನ್ನು ಕುಡಿದೀತು, ಆದರೆ ಅದನ್ನು ಅರಗಿಸಿಕೊಳ್ಳುವ ಸಿದ್ಧತೆ ಅದರ ಜಠರಕ್ಕಿಲ್ಲ.

ಮರಿಯನ್ನು ಕೊಳ್ಳುವ ದಿನವೇ ಕೇಳಿ ತಿಳಿಯಬೇಕಾದ ಒಂದು ಸಂಗತಿಯನ್ನು ಬಹುಮಂದಿ ಮರೆಯುತ್ತಾರೆ. ಈ ಜಾತಿಯ ತಾಯಿಯು ಮೊಟ್ಟೆಗಳನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಕಾಯುತ್ತದೆ. ಹೊರಬಂದ ಮರಿಯು ಸುಮಾರು ಒಂದೂವರೆ ಅಡಿ ಉದ್ದವಿದ್ದು, ಐವತ್ತರಿಂದ ಎಪ್ಪತ್ತು ಗ್ರಾಂ ತೂಗುತ್ತದೆ. ಮೊದಲ ಪೊರೆ ಕಳಚುವ ತನಕ, ಎಂದರೆ ಒಂದೆರಡು ವಾರ, ಮೊಟ್ಟೆಯ ಭಂಡಾರದ ಬಲದಿಂದಲೇ ಇರುತ್ತದೆ. ಆಮೇಲೆ ಅದು ಎಷ್ಟು ಸಲ ಉಂಡಿತು, ಚಿಟ್ಟಿಲಿಯನ್ನೋ ಹೆಗ್ಗಣಜಾತಿಯ ಮರಿಯನ್ನೋ, ಜೀವಂತವಾದುದನ್ನೋ ಮಂಜಿನಲ್ಲಿಟ್ಟು ಕರಗಿಸಿದುದನ್ನೋ ಎಂದು ಸಾಕಿದವನನ್ನೇ ಕೇಳಬೇಕು. ನಾಲ್ಕಾರು ಸಲವಾದರೂ ತಾನಾಗಿ ಉಣ್ಣದ ಮರಿಯನ್ನು ಕೊಳ್ಳದಿರುವುದೇ ಲೇಸು. ಇದಕ್ಕೆ ಇಲಿಯ ಪರಿಚಯ ವಾಸನೆಯಿಂದ. ಒಂದರ ವಾಸನೆಗೆ ಒಗ್ಗಿದ ಮರಿಯು ಇನ್ನೊಂದನ್ನು ಆಹಾರವೆಂದೇ ಎಣಿಸದು.

ಮನೆಗೆ ತಂದ ಮರಿಯನ್ನು ಗೂಡಿನೊಳಗೆ ಬಿಟ್ಟ ಮೇಲೆ ಒಂದು ವಾರ ಮುಟ್ಟಕೂಡದು. ನೀರು ಬದಲಾಯಿಸುವುದನ್ನು ಬಿಟ್ಟರೆ ಪೆಟ್ಟಿಗೆಯ ಮುಚ್ಚಳವನ್ನೂ ತೆರೆಯಕೂಡದು. ನೆರೆಹೊರೆಯವರು ನೋಡಲು ಬಂದರೆ ಮರಿಯ ಬದಲು ಕಾಫಿಯನ್ನು ತೋರಿಸಿ ಕಳುಹಿಸುವುದು ಒಳ್ಳೆಯದು. ಹೊಸ ಸಂಗಾತಿಯನ್ನು ಕೈಯಲ್ಲಿ ಹಿಡಿಯಬೇಕೆಂಬ ಮಕ್ಕಳ ಆಸೆಯನ್ನು ತಡೆಯುವುದು ಕಷ್ಟವೆಂದು ಬಲ್ಲೆವು. ಆದರೆ ಮೊದಲನೆಯ ವಾರ ಉಳಿಸಿದ ಪ್ರೀತಿಯು ಮುಂದಿನ ಇಪ್ಪತ್ತು ವರ್ಷಕ್ಕೆ ಒದಗುತ್ತದೆ. ಈ ಹಾವು ಅಷ್ಟು ಕಾಲ, ಅದಕ್ಕಿಂತ ಹೆಚ್ಚಾಗಿಯೂ, ಬದುಕಬಲ್ಲುದು.

ವಾರ ಕಳೆದ ಮೇಲೆ ಒಂದು ಸಂಜೆ, ದೀಪ ತಗ್ಗಿಸಿ, ಆಹಾರವನ್ನು ಮುಂದಿಡಬೇಕು. ಇಲಿಯು ಮರಿಯ ಮೈ ಅತ್ಯಂತ ದಪ್ಪವಾಗಿರುವ ಕಡೆಯಷ್ಟೇ ದಪ್ಪವಿರಲಿ. ಮಂಜಿನಲ್ಲಿಟ್ಟುದನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಅದ್ದಿ, ಒರಸಿ, ಜೀವಂತ ಇಲಿಯ ಮೈಯಷ್ಟು, ಎಂದರೆ ೩೮ ಡಿಗ್ರಿಯ ಸುಮಾರಿಗೆ ಬೆಚ್ಚಗೆ ಮಾಡಬೇಕು. ಇದು ನಯನಾಜೂಕಿನ ಉಪಚಾರವಲ್ಲ. ಈ ಹೆಬ್ಬಾವಿನ ತುಟಿಯ ಮೇಲೆ ಸಣ್ಣ ಕುಳಿಗಳಿವೆ. ಅವುಗಳಿಂದ ಅದು ಕತ್ತಲಿನಲ್ಲಿಯೂ ಕಾವನ್ನು ಕಂಡುಕೊಳ್ಳುತ್ತದೆ. ತಣ್ಣಗಿನ ಇಲಿಯು ಅದರ ಪಾಲಿಗೆ ಒಂದು ಕಲ್ಲು. ಉದ್ದವಾದ ಚಿಮುಟದಿಂದ ಇಲಿಯನ್ನು ಹಿಡಿದು, ಗೂಡಿನ ಬಾಗಿಲಿನ ಮುಂದೆ ಮೆಲ್ಲಗೆ ಅಲುಗಿಸಬೇಕು, ಮೂತಿಗೆ ತಿವಿಯಬಾರದು. ನಾಲಗೆ ಬೇಗಬೇಗನೆ ಹೊರಬಂದು, ಕೊರಳು ‘ಎಸ್’ ಅಕ್ಷರದಂತೆ ಹಿಂದಕ್ಕೆ ಬಾಗಿದರೆ ಮನಸ್ಸಾಗಿದೆಯೆಂದು ತಿಳಿಯಬಹುದು. ತಲೆಯನ್ನು ಒಳಕ್ಕೆಳೆದುಕೊಂಡರೆ ಇಲಿಯನ್ನು ಬಾಗಿಲಲ್ಲೇ ಬಿಟ್ಟು, ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಬೆಳಗಿನ ತನಕ ಆ ಕೋಣೆಗೇ ಹೋಗಬಾರದು. ಬೆಳಗ್ಗೆಯೂ ಇಲಿ ಅಲ್ಲಿಯೇ ಇದ್ದರೆ ತೆಗೆದು ಹಾಕಿ, ಇನ್ನೊಂದು ವಾರ ಸುಮ್ಮನಿರಬೇಕು. ದಿನವೂ ಮುಂದಿಡುವುದು ದಿನವೂ ಹೆದರಿಸಿದಂತೆ.

ಇಲಿಯನ್ನು ಜೀವಂತವಾಗಿ ಬಿಟ್ಟು ಮಲಗಲು ಹೋಗುವವರೂ ಇದ್ದಾರೆ. ಅದು ಎರಡು ಪ್ರಾಣಿಗಳಿಗೂ ಕ್ರೌರ್ಯ. ಹಸಿದ ಇಲಿಯು ಮುದುಡಿ ಕುಳಿತ ಹಾವಿನ ಬೆನ್ನನ್ನು ಎಲುಬು ಕಾಣುವಂತೆ ಕಡಿದ ಉದಾಹರಣೆಗಳಿವೆ.

ಮೂರು ನಾಲ್ಕು ವಾರವಾದರೂ ಒಲ್ಲದ ಮರಿಗೆ ವಾಸನೆಯ ಉಪಾಯವೊಂದುಂಟು. ಅದರ ಹಿಂದಿನ ಕಾರಣವು ಉಪಾಯಕ್ಕಿಂತ ಸ್ವಾರಸ್ಯವಾದುದು. ನೈಜೀರಿಯದ ಆಗ್ನೇಯ ಭಾಗದಲ್ಲಿ ಇಟಲಿಯ ವಿಜ್ಞಾನಿಗಳು ಪರೀಕ್ಷಿಸಿ ೧೯೯೮ರಲ್ಲಿ ಪ್ರಕಟಿಸಿದ ವರದಿಯಿಂದ ತಿಳಿಯುವುದೇನೆಂದರೆ, ಕಾಡಿನಲ್ಲಿ ಚಿಕ್ಕ ಉಂಡೆ ಹೆಬ್ಬಾವುಗಳ ಆಹಾರದಲ್ಲಿ ಹೆಚ್ಚು ಪಾಲು ಹಕ್ಕಿಗಳದು. ಮೈ ಬೆಳೆದ ಮೇಲೆಯೇ ಇಲಿ ಹೆಗ್ಗಣಗಳದು ಮೇಲುಗೈ. ನಾವು ಇಲಿಯನ್ನು ಕೊಟ್ಟು, ತಿನ್ನಲೊಲ್ಲದೆಂದು ಮರಿಯನ್ನು ದೂರುತ್ತೇವೆ! ಇಲಿಯ ಮೈಯನ್ನು ಕೋಳಿಮರಿಯ ತುಪ್ಪುಳಕ್ಕೆ ತಿಕ್ಕಿ ಮುಂದಿಟ್ಟರೆ ಎಷ್ಟೋ ಮರಿಗಳು ಕೂಡಲೆ ಹಿಡಿಯುತ್ತವೆ. ಅಮೆರಿಕದ ಆಗ್ನೇಯ ಸಂಸ್ಥಾನಗಳ ಕಾರ್ನ್ ಸ್ನೇಕ್ ಎಂಬ ಕೆಂಚುಹಾವಿನ ಮರಿಗಳಲ್ಲಿಯೂ ಇದೇ ನ್ಯಾಯ: ಅವುಗಳ ಸಹಜವಾದ ಆಹಾರ ಹಲ್ಲಿಯೂ ಮರಗಪ್ಪೆಯೂ ಆದ್ದರಿಂದ, ಹಲ್ಲಿಯ ವಾಸನೆ ಹಚ್ಚಿದ ಇಲಿಮರಿಯು ಅವಕ್ಕೆ ಪರಿಚಿತವಾಗಿ ತೋರುತ್ತದೆ. ಒಂದೆರಡು ಸಲ ಉಂಡ ಮೇಲೆ ವಾಸನೆಯನ್ನು ಕ್ರಮವಾಗಿ ಕಡಮೆ ಮಾಡಬಹುದು.

ಇಷ್ಟು ಹೇಳಿದ ಮಾತ್ರಕ್ಕೆ ಕಾಯುವುದಕ್ಕೆ ಮಿತಿಯಿಲ್ಲವೆಂದು ತಿಳಿಯಬಾರದು. ಬೆಳೆದ ಉಂಡೆ ಹೆಬ್ಬಾವು ತಿಂಗಳುಗಟ್ಟಲೆ ಉಪವಾಸವಿದ್ದು ತೂಕವನ್ನು ಹೆಚ್ಚಾಗಿ ಕಳೆದುಕೊಳ್ಳದು. ಐವತ್ತು ಗ್ರಾಂ ಮರಿಯ ಚೀಲದಲ್ಲಿ ಅಷ್ಟು ಬುತ್ತಿಯಿರುವುದಿಲ್ಲ. ಆದಕಾರಣ ವಾರಕ್ಕೊಮ್ಮೆ ತಕ್ಕಡಿಯಲ್ಲಿಟ್ಟು ತೂಕವನ್ನು ಬರೆದಿಡಬೇಕು. ಕಣ್ಣು ಹಾಲಿನಂತೆ ಮಬ್ಬಾಗಿದ್ದರೆ ಪೊರೆ ಕಳಚುವ ಕಾಲ. ಆಗ ಉಣ್ಣದಿರುವುದು ಸಹಜ. ತೂಕವು ಹತ್ತರಲ್ಲೊಂದು ಪಾಲು ಇಳಿದರೆ, ಬೆನ್ನೆಲುಬು ಏಣಾಗಿ ಎದ್ದು ತೋರಿದರೆ, ಉಸಿರಿನಲ್ಲಿ ಸದ್ದೂ ಬಾಯಲ್ಲಿ ನೊರೆಯೂ ಕಂಡರೆ, ಹಾವುಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಅಂದೇ ಒಯ್ಯತಕ್ಕದ್ದು. ಬಾಯಿ ತೆರೆಸಿ ಇಲಿಯನ್ನು ತುರುಕುವುದನ್ನು ಮಾತ್ರ ಮನೆಯಲ್ಲಿ ಯಾರೂ ಮಾಡಬಾರದು. ವಸಡು ಹರಿಯುತ್ತದೆ, ಹಲ್ಲು ಮುರಿಯುತ್ತದೆ. ನುಂಗಿದ್ದನ್ನು ಮರಿಯು ಕಾರಿ, ಇದ್ದ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಆಹಾರವೆಂದರೆ ಆಕ್ರಮಣವೆಂದು ಅದು ಕಲಿತುಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕಡೆಯ ಉಪಾಯವಾಗಿ ಅದು ವೈದ್ಯರ ಕೈಗೆ ಸೇರಿದ ಕೆಲಸ.

ಇನ್ನು, ಕಾದ ಸಂಜೆಯು ಬಂತೆಂದಿಟ್ಟುಕೊಳ್ಳೋಣ. ಗೂಡಿನಿಂದ ತಲೆ ಹೊರಬಂದು ಒಂದು ಗಳಿಗೆ ನಿಶ್ಚಲವಾಗಿರುತ್ತದೆ. ಮರುಕ್ಷಣ ಇಲಿಯು ಸುರುಳಿಗಳ ನಡುವೆ ಸಿಕ್ಕಿರುತ್ತದೆ. ಚಿಮುಟವನ್ನು ಸಡಿಲಿಸಿ ಕೈಯನ್ನು ಹಿಂದಕ್ಕೆಳೆಯದೆ ಅಲ್ಲಿಯೇ ನಿಲ್ಲಿಸಿರಬೇಕು; ನೆರಳಾಡಿದರೆ ಬಿಟ್ಟುಬಿಡುವುದುಂಟು. ಇಲಿಯ ತಲೆ ಎಲ್ಲಿದೆಯೆಂದು ಮರಿಯು ಮೂತಿಯಿಂದ ತಡವಿ ಹುಡುಕುವುದಕ್ಕೇ ಹತ್ತು ನಿಮಿಷ ಹಿಡಿದೀತು. ನುಂಗಿ ಮುಗಿದ ಮೇಲೆ ದವಡೆಗಳನ್ನು ಸರಿಪಡಿಸಿಕೊಳ್ಳಲು ಎರಡು ಮೂರು ಸಲ ಆಕಳಿಸಿ ಬೆಚ್ಚಗಿನ ಗೂಡಿಗೆ ತೆವಳುತ್ತದೆ. ಆಗ ತಾರೀಖನ್ನೂ ಇಲಿಯ ತೂಕವನ್ನೂ ಪುಸ್ತಕದಲ್ಲಿ ಗುರುತು ಮಾಡಿ, ಎರಡು ದಿನ ಮರಿಯನ್ನು ಮುಟ್ಟದೆ, ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಅದೇ ಬಗೆಯ ಇಲಿಯನ್ನು ಸಿದ್ಧಮಾಡಿಟ್ಟುಕೊಳ್ಳಬೇಕು.