ಯಕೃತ್ತಿನ ನಾರುಗಟ್ಟುವಿಕೆ: ಪ್ರತಿಕಾಯ ಚಿಕಿತ್ಸೆಯ ಪರೀಕ್ಷೆ

ಚರ್ಮದ ಗಾಯ ಮಾಯ್ದರೂ ಕಲೆ ಉಳಿಯುತ್ತದೆ. ಯಕೃತ್ತಿನ ಒಳಗೂ ಇಂಥ ಕಲೆ ಮೂಡುವುದುಂಟು. ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಕೊಬ್ಬಿನ ಶೇಖರಣೆ ಮೊದಲಾದವು ವರ್ಷಗಟ್ಟಲೆ ಯಕೃತ್ತನ್ನು ಘಾಸಿಗೊಳಿಸಿದಾಗ, ಅಲ್ಲಿಯ ನಕ್ಷತ್ರಾಕಾರದ ಕೋಶಗಳು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಮಿತಿಮೀರಿ ಉತ್ಪಾದಿಸುತ್ತವೆ. ಇದೇ ಫೈಬ್ರೋಸಿಸ್, ಕನ್ನಡದಲ್ಲಿ ನಾರುಗಟ್ಟುವಿಕೆ ಎನ್ನಬಹುದು. ಇದು ಬಲಿತರೆ ಯಕೃತ್ತು ಗಂಟುಗಂಟಾಗಿ ಗಡುಸಾಗುತ್ತದೆ. ಆ ಹಂತವೇ ಸಿರೋಸಿಸ್.

ಈ ಪ್ರಕ್ರಿಯೆಯನ್ನು ತಡೆಯಲು ಪ್ರತಿಕಾಯಗಳನ್ನು ಬಳಸಬಹುದೇ ಎಂಬುದು ಸಂಶೋಧಕರ ಪ್ರಶ್ನೆ. ಪ್ರತಿಕಾಯವು ತನಗೆ ಹೊಂದುವ ಒಂದೇ ಗುರಿಗೆ ಅಂಟಿಕೊಳ್ಳುವ ಪ್ರೋಟೀನು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದರು. 1984ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆದರೆ ಇಲಿಯಲ್ಲಿ ಕಂಡ ಗುಣ ಮನುಷ್ಯನಲ್ಲಿಯೂ ಕಾಣಬೇಕೆಂದಿಲ್ಲ. ಕೊಲಾಜೆನ್ ಎಳೆಗಳನ್ನು ಪರಸ್ಪರ ಬೆಸೆಯುವ ಒಂದು ಕಿಣ್ವವನ್ನು ಪ್ರತಿಕಾಯದಿಂದ ತಡೆದಾಗ ಇಲಿಗಳಲ್ಲಿ ನಾರು ತಗ್ಗಿತ್ತು. ಅದೇ ಕಿಣ್ವದ ವಿರುದ್ಧ ರೂಪಿಸಿದ ಸಿಮ್ಟುಜುಮ್ಯಾಬ್ ಎಂಬ ಔಷಧವು ರೋಗಿಗಳಲ್ಲಿ ಪ್ರಯೋಜನ ನೀಡಲಿಲ್ಲವೆಂದು 2018ರಲ್ಲಿ ಪ್ರಕಟವಾದ ವರದಿಗಳು ತಿಳಿಸಿದವು. ಇಲಿಯ ಕಲೆ ಕೆಲವು ವಾರಗಳದು. ಮನುಷ್ಯನ ಕಲೆ ಹಲವು ವರ್ಷಗಳದು. ಅಲ್ಲದೆ ಮನುಷ್ಯನ ಪ್ರೋಟೀನಿಗೆ ಹೊಂದುವ ಪ್ರತಿಕಾಯ ಇಲಿಯ ಪ್ರೋಟೀನಿಗೆ ಅಂಟದೆಯೂ ಹೋಗಬಹುದು.

ಆದ್ದರಿಂದ ಮಾನವ ಅಂಗಾಂಶದ ಮೇಲಿನ ಪರೀಕ್ಷೆಗೆ ಮಹತ್ವ ಬಂದಿದೆ. ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಯಕೃತ್ತಿನ ಭಾಗವನ್ನು, ಅಥವಾ ಕಸಿಗೆ ಒದಗದ ಯಕೃತ್ತನ್ನು, ಸುಮಾರು ಕಾಲು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ ಪೋಷಕ ದ್ರವದಲ್ಲಿ ಕೆಲವು ದಿನ ಜೀವಂತವಾಗಿಡುತ್ತಾರೆ. ಒಂದೇ ಯಕೃತ್ತಿನ ಕೆಲವು ಬಿಲ್ಲೆಗಳಿಗೆ ಚಿಕಿತ್ಸೆಯ ಪ್ರತಿಕಾಯವನ್ನೂ, ಉಳಿದವಕ್ಕೆ ಆ ಗುರಿಗೆ ಅಂಟದ ಪ್ರತಿಕಾಯವನ್ನೂ ಕೊಟ್ಟು, ಕೊಲಾಜೆನ್ ಎಷ್ಟು ತಯಾರಾಯಿತೆಂದು ಹೋಲಿಸುತ್ತಾರೆ. ಬಿಲ್ಲೆಯಲ್ಲಿ ಎಲ್ಲ ಬಗೆಯ ಕೋಶಗಳೂ ತಮ್ಮ ತಮ್ಮ ನೆಲೆಯಲ್ಲಿಯೇ ಇರುವುದು ಇದರ ಬಲ. ರಕ್ತಸಂಚಾರವಿಲ್ಲದಿರುವುದು, ಆಯುಷ್ಯ ಕೆಲವೇ ದಿನಗಳದಾಗಿರುವುದು ಇದರ ಮಿತಿ. ಹೀಗಾಗಿ ಇದು ರೋಗಿಗಳ ಮೇಲಿನ ಪ್ರಯೋಗಕ್ಕೆ ಪರ್ಯಾಯವಲ್ಲ, ಅದಕ್ಕೆ ಮೊದಲಿನ ಜರಡಿ.

ಈ ಅಂಗಾಂಶ ದೊರೆಯುವುದು ರೋಗಿಯ ಅಥವಾ ಅವರ ಕುಟುಂಬದ ಒಪ್ಪಿಗೆಯಿಂದ. ಸಂಶೋಧನೆಯ ಉದ್ದೇಶವೇನು, ನಿರಾಕರಿಸಿದರೂ ಚಿಕಿತ್ಸೆಗೆ ಕುಂದಿಲ್ಲವೆಂಬ ಭರವಸೆಯೇನು ಎಂಬುದು ತಿಳಿಯದೆ ಹಾಕಿದ ಸಹಿ ಒಪ್ಪಿಗೆಯೆನಿಸದು. 1894ರಲ್ಲಿ ವಾನ್ಲೆಸ್ ಅವರು ಆಸ್ಪತ್ರೆ ತೆರೆದ ಮಿರಜಿಗೆ ಬೆಳಗಾವಿ, ವಿಜಯಪುರ ಕಡೆಯ ಕನ್ನಡಿಗರು ಇಂದಿಗೂ ಚಿಕಿತ್ಸೆಗಾಗಿ ಬರುತ್ತಾರೆ. ಇಂಥ ಗಡಿನಾಡಿನಲ್ಲಿ ಒಪ್ಪಿಗೆಪತ್ರವನ್ನು ರೋಗಿಯ ನುಡಿಯಲ್ಲಿ ಬಿಡಿಸಿ ಹೇಳುವ ಸಾಮರ್ಥ್ಯವೂ ಕನ್ನಡ ವಿದ್ಯಾರ್ಥಿಗಳು ಗಳಿಸಬೇಕಾದ ವಿದ್ಯೆಯೇ ಆಗಿದೆ.