ಔಷಧದ ಬಾರ್‌ಕೋಡ್: ತಪ್ಪು ಕಲ್ಪನೆ ಮತ್ತು ಸತ್ಯ

ಔಷಧದ ಡಬ್ಬಿಯ ಮೇಲಿನ ಕಪ್ಪು ಗೆರೆಗಳಲ್ಲಿ ಎಕ್ಸ್‌ಪೈರಿ ದಿನಾಂಕವೂ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಸಾಮಾನ್ಯ ಬಾರ್‌ಕೋಡ್‌ನಲ್ಲಿರುವುದು 13 ಅಂಕಿಗಳ ಉತ್ಪನ್ನ ಸಂಖ್ಯೆ ಮಾತ್ರ. ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಆಸುಪಾಸಿನ ಮೆಡಿಕಲ್ ಶಾಪೇ ಇರಲಿ, ಕೆ.ಆರ್. ಪುರದ್ದೇ ಇರಲಿ, ಇಂಥ ಕೋಡ್ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಮೂಡುವ ಹೆಸರು, ಬೆಲೆ, ಎಕ್ಸ್‌ಪೈರಿ ಎಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ತುಂಬಿಟ್ಟದ್ದು. ಸ್ಟಾಕ್ ಬಂದ ದಿನ ಬ್ಯಾಚ್ ಸಂಖ್ಯೆ ತಪ್ಪಾಗಿ ತುಂಬಿದ್ದರೆ ಸ್ಕ್ಯಾನರ್ ಅದನ್ನು ಹಿಡಿಯಲಾರದು. ಬ್ಯಾಚ್, ಎಕ್ಸ್‌ಪೈರಿಗಳು ಕೋಡ್‌ನೊಳಗೇ ಇರಬೇಕಾದರೆ ಕ್ಯೂಆರ್‌ನಂಥ ಚೌಕಾಕಾರದ ಕೋಡ್ ಅಥವಾ ಹೆಚ್ಚು ಮಾಹಿತಿ ಹಿಡಿಯುವ ಬೇರೆ ಬಗೆಯ ಕೋಡ್ ಬೇಕು.

ಬಾರ್‌ಕೋಡ್ ಸಂಖ್ಯೆ 890ರಿಂದ ಶುರುವಾದರೆ ಭಾರತದಲ್ಲೇ ತಯಾರಾದದ್ದು ಎಂಬುದೂ ತಪ್ಪು. ಆ ಸಂಖ್ಯೆಯನ್ನು ಕಂಪನಿಗೆ ಬಾರ್‌ಕೋಡ್ ಸಂಖ್ಯೆ ನೀಡುವ ಸಂಸ್ಥೆಯಾದ ಜಿಎಸ್1 ಇಂಡಿಯಾ ಕೊಟ್ಟಿದೆ ಎಂದಷ್ಟೇ ಅರ್ಥ.

ಎಲ್ಲ ಔಷಧಕ್ಕೂ ಕ್ಯೂಆರ್ ಕೋಡ್ ಕಡ್ಡಾಯ, ಇಲ್ಲದಿದ್ದರೆ ಅದು ನಕಲಿ ಎಂಬ ಭಯ ಅನಗತ್ಯ. 2022ರ ನವೆಂಬರ್‌ನಲ್ಲಿ ಹೊರಟ ನಿಯಮ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡನ್ನು ಕಡ್ಡಾಯ ಮಾಡಿದ್ದು 300 ಬ್ರಾಂಡ್‌ಗಳಿಗೆ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಡೋಲೋ ಅವುಗಳಲ್ಲೊಂದು. ಕೋಡ್ ಇದೆ ಎಂದ ಮಾತ್ರಕ್ಕೆ ಔಷಧ ಅಸಲಿ ಎನ್ನುವಂತೆಯೂ ಇಲ್ಲ. ಅಚ್ಚಾದ ಕೋಡನ್ನು ನಕಲು ಮಾಡುವುದು ಕಷ್ಟವಲ್ಲ.

ಆಸ್ಪತ್ರೆಗಳಲ್ಲಿ ಬೇರೊಂದು ನಂಬಿಕೆ ಬಲವಾಗಿದೆ: ಸ್ಕ್ಯಾನ್ ಮಾಡಿದರೆ ತಪ್ಪೇ ಆಗದು. ರೋಗಿಯ ಕೈಪಟ್ಟಿ ಮತ್ತು ಔಷಧ ಎರಡನ್ನೂ ಹಾಸಿಗೆಯ ಬಳಿ ಸ್ಕ್ಯಾನ್ ಮಾಡುವ ಪದ್ಧತಿಗೆ ದಾರಿ ತೋರಿದವರು ಅಮೆರಿಕದ ಟೊಪೀಕಾದ ನರ್ಸ್ ಸೂ ಕಿನಿಕ್. ಬಾಡಿಗೆ ಕಾರು ಹಿಂದಿರುಗಿಸುವಾಗ ಕಂಡ ಸ್ಕ್ಯಾನರ್ ಅವರಿಗೆ ಈ ಯೋಚನೆ ಕೊಟ್ಟಿತು. ಈ ಪದ್ಧತಿಯ ಬಗ್ಗೆ ಬಾಸ್ಟನ್‌ನ ಆಸ್ಪತ್ರೆಯೊಂದರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಔಷಧ ಕೊಡುವಾಗಿನ ತಪ್ಪುಗಳು, ಸಮಯದ ಏರುಪೇರು ಬಿಟ್ಟು, ಅಲ್ಲಿ ಶೇಕಡ 11.5ರಿಂದ 6.8ಕ್ಕೆ ಇಳಿದಿದ್ದವು. ದೊಡ್ಡ ಲಾಭವೇ ಇದು, ಆದರೆ ಸೊನ್ನೆಯಲ್ಲ. ವೈದ್ಯರೇ ಡೋಸ್ ತಪ್ಪಾಗಿ ಬರೆದಿದ್ದರೆ ಸ್ಕ್ಯಾನರ್ ಅದನ್ನೇ ಸರಿ ಎನ್ನುತ್ತದೆ. ಕೈಪಟ್ಟಿಯ ಇನ್ನೊಂದು ಪ್ರತಿಯನ್ನು ನರ್ಸ್‌ಗಳ ಮೇಜಿನ ಬಳಿ ಇಟ್ಟುಕೊಂಡು ಅಲ್ಲೇ ಸ್ಕ್ಯಾನ್ ಮಾಡಿದರೆ ಇಡೀ ಪದ್ಧತಿಯೇ ವ್ಯರ್ಥ. ನರ್ಸ್‌ಗಳನ್ನು ದೂರುವ ಮೊದಲು ಕೈಪಟ್ಟಿ ಒದ್ದೆಯಾಗಿತ್ತೇ, ಬ್ಯಾಟರಿ ಮುಗಿದಿತ್ತೇ, ವೈಫೈ ಸಿಗುತ್ತಿತ್ತೇ ಎಂದು ನೋಡುವುದು ನ್ಯಾಯ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಹತ್ತು ಮಾತ್ರೆಯ ಸ್ಟ್ರಿಪ್‌ನಿಂದ ಮೂರನ್ನು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಾಗ ಕೋಡ್ ಒಂದು ತುಂಡಿನ ಪಾಲಾಗುತ್ತದೆ, ಉಳಿದದ್ದಕ್ಕೆ ಗುರುತೇ ಇರುವುದಿಲ್ಲ. ಆದ್ದರಿಂದ ಹಾಸಿಗೆ ಬಳಿ ಸ್ಕ್ಯಾನ್ ಮಾಡುವ ಆಸ್ಪತ್ರೆಗಳ ಫಾರ್ಮಸಿ ಒಂದೊಂದು ಡೋಸ್‌ಗೂ ಬೇರೆ ಲೇಬಲ್ ಅಂಟಿಸಬೇಕಾಗುತ್ತದೆ. ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಳ್ಳುವವರಿಗೆ ಬ್ಯಾಚ್ ಸಂಖ್ಯೆ ಇರುವ ಬಿಲ್ಲೇ ಆಧಾರ.